ಮಾವ ಬಾ

ಜನವರಿ 8

ಪ್ರೀತಿಯ ಹಡಗಪ್ಪನಿಗೆ,

ಭಾವ ಬರೆಯುತ್ತಿದ್ದೇನೆ. ಮೊದಲು ಒಳ್ಳೆಯ ಸುದ್ದಿ. ನಿನ್ನ ಅಕ್ಕನ ಕಂಪ್ಯೂಟರಿಗೆ ಮರದ ಪೆಟ್ಟಿಗೆ ಮುಗಿಯಿತು! ಹಳೆಯ ಬೀರುವಿನ ಹಲಗೆಯಲ್ಲಿ ಮಾಡಿದ್ದು, ನಾಲ್ಕೂ ಮೂಲೆಗೆ ಬೆರಳು ಹೆಣೆದಂತೆ ಜೋಡಣೆ, ಒಂದೇ ಒಂದು ಮೊಳೆಯಿಲ್ಲ. ಹಿಂದೆ ಗಾಳಿಯಾಡಲು ಜಾಲರಿ ಕೊರೆದಿದ್ದೇನೆ. ಮುಂದೆ ನಿನ್ನ ಎರಡು ಸಾಲಿನ ಪುಟ್ಟ ಡಿಸ್‌ಪ್ಲೇ ಕೂರಲು ಉದ್ದನೆಯ ಚಿಕ್ಕ ಕಿಂಡಿ. ಅದರ ಅಂಚನ್ನು ಎಷ್ಟು ನುಣುಪು ಮಾಡಿದ್ದೇನೆಂದರೆ ನಿನ್ನ ಅಕ್ಕ ಬಂದು ಬಂದು ಬೆರಳಾಡಿಸಿ ಹೋಗುತ್ತಾಳೆ, ಕೇಳಿದರೆ ಧೂಳು ಒರೆಸಿದೆ ಅನ್ನುತ್ತಾಳೆ.

ಕೆಟ್ಟ ಸುದ್ದಿ: ನೀನು ಕಳಿಸಿದ ಡಿಸ್‌ಪ್ಲೇ ಸತ್ತುಹೋಯಿತು. ಕೊಂದವನು ನಾನಲ್ಲ, ಫೋನು. ನಡುಸಮುದ್ರದಿಂದ ನೀನು ಕೂಗಿದ್ದು "ಎರಡಕ್ಕೆ ವೋಲ್ಟ್ ಕೊಡಿ" ಎಂದಿರಬೇಕು, ಎರಡನೇ ಕಾಲಿನ ಪಿನ್ನಿಗೆ ಅಂತ. ನನ್ನ ಕಿವಿಗೆ ಬಿದ್ದದ್ದು "ಹನ್ನೆರಡು ವೋಲ್ಟ್ ಕೊಡಿ" ಎಂದು. ಕೊಟ್ಟೆ. ಒಂದು ಸಲ ಪಳಕ್ಕೆಂದಿತು, ಆಮೇಲೆ ವಾಸನೆ. ನಿನ್ನ ಅಕ್ಕ ಒಳಗಿನಿಂದಲೇ ಕೇಳಿದಳು, "ಏನ್ರೀ ಅದು, ಪ್ಲಾಸ್ಟಿಕ್ ಸುಡ್ತಿದೀರಾ?" ನಾನು ಕಿಟಕಿ ತೆರೆದಿಟ್ಟೆ. ಬೇರೆ ಡಿಸ್‌ಪ್ಲೇ ಇಲ್ಲೇ ಪೇಟೆಯಲ್ಲಿ ಕೊಂಡಿದ್ದೇನೆ, ಅದೂ ನೀನು ಕಳಿಸಿದಂಥದ್ದೇ, ಹದಿನಾರು ಕಾಲಿನದು. ಇನ್ನು ಮೇಲೆ ಫೋನಿನಲ್ಲಿ ಒಂದಕ್ಷರ ಹೇಳಬೇಡ. ಬರೆದು ಕಳಿಸು. ಕಾಗದವನ್ನು ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡುತ್ತೇನೆ.

ಡಿಸ್‌ಪ್ಲೇ ಯಾಕೆ ಬೇಕು ಎಂದು ಮರೆತಿದ್ದರೆ ನೆನಪಿಸುತ್ತೇನೆ. ನಿನ್ನ ಅಕ್ಕನಿಗೆ ಹೆದರಿಕೆ. "ಮರದ ಡಬ್ಬಿ ಒಳಗೆ ಅಷ್ಟು ಬಿಸಿ ತುಂಬಿ ನನ್ನ ಕಾಲ ಬುಡಕ್ಕೆ ಇಡ್ತೀರಲ್ಲ, ಬೆಂಕಿ ಹತ್ಕೊಂಡ್ರೆ?" ಅನ್ನುತ್ತಾಳೆ. ಒಳಗಿನ ಬಿಸಿ ಎಷ್ಟು ಎಂದು ಹೊರಗೆ ಕಾಣುತ್ತಿದ್ದರೆ ಅವಳಿಗೆ ಸಮಾಧಾನ. ಹಳೆಯ ತಗಡಿನ ಡಬ್ಬಿಯಂತೂ ಮೂರು ಹೊತ್ತೂ ಗುರ್ ಅನ್ನುತ್ತಿತ್ತು. ಈಗ ಅವಳು ಪುಸ್ತಕದ ಪುಟ ಜೋಡಿಸುವ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ, ದಿನವಿಡೀ ಅದರ ಮುಂದೆಯೇ ಇರುತ್ತಾಳೆ. ಪ್ರೆಸ್ಸಿಗೆ ಹೋಗುವುದಿಲ್ಲವೇ ಎಂದು ಕೇಳಬೇಡ. ಪ್ರೆಸ್ಸಿನವರು ಹಾಗೆ ಹೇಳಿದ್ದಾರೆ, ಅಷ್ಟೇ.

ಬೇಗ ಬರೆ.

ನಿನ್ನ ಭಾವ


ಫೆಬ್ರವರಿ 2

ಭಾವನಿಗೆ ನಮಸ್ಕಾರ,

ಹನ್ನೆರಡು ವೋಲ್ಟ್! ಎಂಜಿನ್ ಕೋಣೆಯಲ್ಲಿ ಓದಿ ಎಷ್ಟು ಜೋರಾಗಿ ನಕ್ಕೆನೆಂದರೆ ಎಣ್ಣೆ ಹಾಕುವವನು ಏಣಿ ಇಳಿದು ಬಂದು ನೋಡಿದ. ಐದು ಕುಡಿಯುವ ಪ್ರಾಣಿಗೆ ಹನ್ನೆರಡು ಕುಡಿಸಿದ್ದೀರಿ. ಆ ಬಡಪಾಯಿಗೆ ನನ್ನ ಕಡೆಯಿಂದ ಎರಡು ಹನಿ ಕಣ್ಣೀರು ಹಾಕಿ.

ಇನ್ನು ಗೋಡೆಗೆ ಅಂಟಿಸಿಕೊಳ್ಳುವ ಭಾಗ. ಚಿತ್ರ ಬೇರೆ ಹಾಳೆಯಲ್ಲಿದೆ, ಆದರೂ ಬಾಯಲ್ಲಿ ಹೇಳುವಂತೆ ಹೇಳುತ್ತೇನೆ. ಡಿಸ್‌ಪ್ಲೇ ನೇರವಾಗಿ ಕಂಪ್ಯೂಟರಿನ ಜೊತೆ ಮಾತಾಡುವುದಿಲ್ಲ, ಮಧ್ಯೆ ಒಂದು ಚಿಕ್ಕ ಬೋರ್ಡು ಬೇಕು. ಅದು ನಿಮ್ಮ ಬಳಿ ಇದೆ, ಅದಕ್ಕೇನೂ ಆಗಿಲ್ಲ ತಾನೇ? ಒಂದನೇ ಕಾಲು ಕಪ್ಪು ವೈರಿಗೆ. ಎರಡನೇ ಕಾಲು ಕೆಂಪು ವೈರಿಗೆ. ಕೆಂಪು, ಭಾವ. ಹಳದಿಯಲ್ಲ. ಹಳದಿಯಲ್ಲೇ ಆ ನಿಮ್ಮ ಹನ್ನೆರಡು ಇರುವುದು. ಮೂರನೇ ಕಾಲಿಗೆ ನೀಲಿ ಬಣ್ಣದ ಪುಟ್ಟ ಪ್ರೀಸೆಟ್ ಬರುತ್ತದೆ, ತಲೆಯ ಮೇಲೆ ಸ್ಕ್ರೂವಿನ ಗೀರು ಇರುವಂಥದ್ದು. ಐದನೆಯದೂ ಕಪ್ಪಿಗೇ. ನಾಲ್ಕು, ಆರು ಮತ್ತು ಕೊನೆಗೆ ಹತ್ತಿರವಿರುವ ನಾಲ್ಕು ಕಾಲುಗಳು ಬೋರ್ಡಿಗೆ, ಚಿತ್ರದಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣ ಕೊಟ್ಟಿದ್ದೇನೆ. ಕಡೆಯ ಎರಡು ಹಿಂದಿನ ದೀಪಕ್ಕೆ. ನಡುವಿನವನ್ನು ಖಾಲಿ ಬಿಡಿ, ಪಾಪ ಅವಕ್ಕೆ ಕೆಲಸವಿಲ್ಲ. ಬೆಸುಗೆ ಹಾಕುವಾಗ ಹೆಚ್ಚು ಹೊತ್ತು ಶಾಖ ಹಿಡಿಯಬೇಡಿ. ಪ್ರೋಗ್ರಾಮ್ ಪೆನ್‌ಡ್ರೈವಿನಲ್ಲಿದೆ.

ಒಂದು ಮಾತು. ಮೇ ಕೊನೆಗೆ ನನ್ನ ಕರಾರು ಮುಗಿಯುತ್ತದೆ. ಇನ್ನೊಂದು ಸುತ್ತಿಗೆ ಸಹಿ ಹಾಕೋಣವೆಂದಿದ್ದೇನೆ. ಅಕ್ಕನಿಗೆ ನೀವೇ ಮೆತ್ತಗೆ ಹೇಳಿ. ಸಂಬಳದ ಆಸೆಯಲ್ಲ. ರಜೆಗೆ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ಯಾವ ಬಸ್ಸು ಹತ್ತಲಿ ಎಂದು ನಿಲ್ಲಬೇಕು. ನಿಮ್ಮ ಮನೆಗೆ ಮೊದಲು ಬಂದರೆ ಅಪ್ಪ ಮುಖ ತಿರುಗಿಸುತ್ತಾರೆ. ಅಪ್ಪನ ಹತ್ತಿರ ಮೊದಲು ಹೋದರೆ ಅಕ್ಕ ಅಳುತ್ತಾಳೆ. ಕಳೆದ ಸಲ ಹಾಗೇ ಆಯಿತು. ಬೋರ್ಡುಗಳ ಅಕ್ಷರ ಕತ್ತರಿಸುವ ಮಷೀನು ನಿಮ್ಮ ಅಂಗಡಿಗೆ ಬಂದು ಮೂರು ವರ್ಷವಾಯಿತು. ನೀವು ಹಲಗೆ ಮಾಡುವುದು, ಅಪ್ಪ ಅದರ ಮೇಲೆ ಬೋರ್ಡು ಬರೆಯುವುದು, ಹಾಗೆ ಎಷ್ಟು ಚೆನ್ನಾಗಿತ್ತು. "ಕೈ ಬೇಡ ಅಂದ್ಮೇಲೆ ಕೈ ಇರೋನೂ ಬೇಡ" ಅಂತ ಬ್ರಷ್ಷಿನ ಪೆಟ್ಟಿಗೆ ಎತ್ತಿಕೊಂಡು ಚಿಕ್ಕಪ್ಪನ ಮನೆಗೆ ಹೋದವರು ಇನ್ನೂ ಬಂದಿಲ್ಲ. ಯಾರದು ತಪ್ಪು ಎಂದು ನಾನು ಕೇಳುತ್ತಿಲ್ಲ. ನನಗೆ ಒಂದೇ ಮನೆ ಬೇಕು, ಅಷ್ಟೇ.

ಬೇಜಾರಾಗಬೇಡಿ. ಡಿಸ್‌ಪ್ಲೇ ಹತ್ತಿದ ಕೂಡಲೇ ಬರೆಯಿರಿ!

ನಿಮ್ಮ ಮೈದುನ


ಫೆಬ್ರವರಿ 24

ಹಡಗಪ್ಪ,

ಹತ್ತಿತು! ನೀಲಿ ಬೆಳಕು! ಕಿಂಡಿಯಲ್ಲಿ ನೀಲಿ, ಸುತ್ತ ಕಂದು ಮರ, ಏನು ಚೆಂದ ಅಂತೀಯಾ. ಅಂಗಡಿಯ ಹುಡುಗರನ್ನೆಲ್ಲ ಕರೆದು ತೋರಿಸಿದೆ.

ಆದರೆ ಅಕ್ಷರವಿಲ್ಲ. ಬರೀ ಬೆಳಕು. ಬೆಳಗ್ಗೆಯಿಂದ ವೈರುಗಳನ್ನು ಒಂದೊಂದಾಗಿ ನಿನ್ನ ಹಾಳೆಯೊಡನೆ ತಾಳೆ ನೋಡಿದೆ. ಎಲ್ಲ ಸರಿಯಿದೆ. ಬಿಚ್ಚಿದೆ, ಮತ್ತೆ ಬೆಸೆದೆ. ಬೆಳಕು ಬರುತ್ತದೆ, ಮಾತು ಬರುವುದಿಲ್ಲ. ಇದನ್ನೂ ನಾನೇ ಕೊಂದೆನೇನೋ. ನನಗೆ ಉಳಿ ಹಿಡಿದರೆ ಸಾಕು, ಈ ಕೂದಲೆಳೆ ವೈರುಗಳ ಸಹವಾಸ ಬೇಡ. ಪೆಟ್ಟಿಗೆಯನ್ನು ಮಂಚದ ಪಕ್ಕದ ಮೂಲೆಗಿಟ್ಟು ಬಟ್ಟೆ ಮುಚ್ಚಿದ್ದೇನೆ.

ನಿಮ್ಮಪ್ಪನ ವಿಷಯಕ್ಕೆ ಬಂದರೆ, ನನಗೂ ಹೇಳುವುದು ಬೇಕಾದಷ್ಟಿದೆ, ಹೇಳುವುದಿಲ್ಲ. ನಾನು ಮಷೀನು ತಂದದ್ದು ಅವರ ಕೈ ಬೇಡವೆಂದಲ್ಲ. ಅದನ್ನು ಅವರಿಗೆ ಯಾರು ಹೇಳಬೇಕು? ನಾನಂತೂ ಹೇಳುವುದಿಲ್ಲ.

ಭಾವ


ಫೆಬ್ರವರಿ 26

ಹಡಗಪ್ಪ, ಹಿಂದಿನ ಕಾಗದ ಹರಿದು ಸಮುದ್ರಕ್ಕೆ ಎಸೆ!

ಬಂತು! ಅಕ್ಷರ ಬಂತು! ಮಾಡಿದವಳು ನಿನ್ನ ಅಕ್ಕ. ಬಟ್ಟೆ ತೆಗೆದು, ಸ್ವಿಚ್ ಹಾಕಿ, ಒಳಗೆ ಇಣುಕಿ ನೋಡಿ, "ಈ ನೀಲಿ ಗುಂಡಿ ಯಾಕೆ ಸೊಟ್ಟಗಿದೆ?" ಎಂದು ಆ ಪ್ರೀಸೆಟ್ಟನ್ನು ಉಗುರಿನಲ್ಲಿ ನೇರ ಮಾಡಿದಳಂತೆ. ಅವಳಿಗೆ ಸೊಟ್ಟಗಿರುವುದು ಕಂಡರೆ ಆಗದು, ಪುಟ ಜೋಡಿಸುವವಳಲ್ಲವೇ. ತಿರುಗಿಸಿದಂತೆ ತಿರುಗಿಸಿದಂತೆ ಒಳಗಿಂದ ಕಪ್ಪು ಅಕ್ಷರಗಳು ಎದ್ದು ಬಂದವು. ಎರಡು ದಿನದಿಂದ ಅಲ್ಲೇ ಇದ್ದವು! ಮೂರನೇ ಕಾಲಿಗೆ ಪ್ರೀಸೆಟ್ ಹಾಕಿ ಎಂದೆಯಲ್ಲ, ತಿರುಗಿಸಿ ಎಂದು ಯಾಕೆ ಬರೆಯಲಿಲ್ಲ ಮಹಾರಾಯ? ನಿನ್ನ ಕಿವಿ ಹಿಂಡಲು ಕೈ ಅಷ್ಟು ದೂರ ಬರುವುದಿಲ್ಲ ಎಂಬ ಧೈರ್ಯವೋ?

ಮಧ್ಯಾಹ್ನ ಅವಳು ಮಂಚದ ಮೇಲಿಂದ ನನ್ನನ್ನು ಕೂಗಿದಾಗ ಅಂಗಡಿಯಿಂದ ಓಡಿದ ಓಟಕ್ಕೆ ಚಪ್ಪಲಿಯೊಂದು ಅಂಗಳದಲ್ಲೇ ಉಳಿಯಿತು.

ಈಗ ಮೊದಲ ತಕರಾರು. ಅದು ಇಂಗ್ಲಿಷಿನಲ್ಲಿ ಹಲೋ ಅನ್ನುತ್ತದೆ. ನಮ್ಮ ಮನೆಯಲ್ಲಿ ನಾನು ಹಲಗೆಯವನು, ನಿನ್ನ ಅಕ್ಕ ಪುಟ ಜೋಡಿಸುವವಳು, ನಿಮ್ಮಪ್ಪ ಬೋರ್ಡು ಬರೆಯುವವರು, ಎಲ್ಲರೂ ಕನ್ನಡ ಅಕ್ಷರದಿಂದ ಅನ್ನ ತಿಂದವರು. ನಮ್ಮ ಪೆಟ್ಟಿಗೆಗೆ ಕನ್ನಡ ಬಾರದಿದ್ದರೆ ಏನು ಮರ್ಯಾದೆ? ಕಲಿಸುವುದು ಹೇಗೆ, ಬರೆ.

ನಿನ್ನ ಭಾವ


ಮಾರ್ಚ್ 20

ಭಾವನಿಗೆ ನಮಸ್ಕಾರ,

ಎರಡೂ ಕಾಗದ ಒಂದೇ ಬಂದರಿನಲ್ಲಿ ಸಿಕ್ಕಿದವು. ಎರಡನೆಯದನ್ನು ಮೊದಲು ಒಡೆದದ್ದರಿಂದ ಬದುಕಿದೆ. ತಿರುಗಿಸಿ ಎಂದು ಬರೆಯದಿದ್ದದ್ದು ನನ್ನ ತಲೆ. ಅಕ್ಕನಿಗೆ ಹಡಗಿನ ಎಲೆಕ್ಟ್ರಿಷಿಯನ್ ಕೆಲಸ ಕೊಡಿಸುತ್ತೇನೆ ಎಂದು ಹೇಳಿ. ಅಂದಹಾಗೆ ಅವಳು ಹಗಲಿನಲ್ಲಿ ಮಂಚದ ಮೇಲೆ ಯಾಕಿದ್ದಳು? ಸೊಂಟ ನೋವು ಮತ್ತೆ ಬಂತೇ?

ಕನ್ನಡದ ಕಥೆ ಕೇಳಿ, ಇದು ನನಗೂ ರೋಮಾಂಚನದ ವಿಷಯ. ಈ ಡಿಸ್‌ಪ್ಲೇ ಹುಟ್ಟುವಾಗಲೇ ಇಂಗ್ಲಿಷ್ ಕಲಿತು ಹುಟ್ಟಿರುತ್ತದೆ. ಬೇರೆಯವರಿಗೆಂದು ಎಂಟು ಖಾಲಿ ಖಾನೆ ಬಿಟ್ಟಿದ್ದಾರೆ. ಒಂದು ಸಲಕ್ಕೆ ಎಂಟೇ ಎಂಟು. ನಮ್ಮ ಇಡೀ ವರ್ಣಮಾಲೆಗೆ ಎಂಟು ಕುರ್ಚಿ! ಒಂದೊಂದು ಖಾನೆಯಲ್ಲಿ ಅಡ್ಡ ಐದು ಚುಕ್ಕೆ, ಉದ್ದ ಎಂಟು ಚುಕ್ಕೆ. ಯಾವ ಚುಕ್ಕೆ ಕಪ್ಪಾಗಬೇಕೋ ಅಲ್ಲಿ ಒಂದು, ಬೇಡದಲ್ಲಿ ಸೊನ್ನೆ ಎಂದು ಪ್ರೋಗ್ರಾಮಿನಲ್ಲಿ ತುಂಬಬೇಕು. ಚೌಕುಳಿ ಹಾಳೆಯ ಮೇಲೆ ಮೊದಲು ಪೆನ್ಸಿಲಿನಲ್ಲಿ ತುಂಬಿ ನೋಡಿ. ಮೂಲೆಗೆ ಹಲಗೆ ಹೆಣೆಯುವ ನಿಮ್ಮ ಕೆಲಸಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

ಒಂದು ಉಪಾಯ. ದೀರ್ಘದ ಬಾಲಕ್ಕೆ ಒಂದು ಪ್ರತ್ಯೇಕ ಖಾನೆ ಕೊಟ್ಟರೆ ಅದನ್ನೇ ಎಲ್ಲ ಅಕ್ಷರಕ್ಕೂ ಅಂಟಿಸಬಹುದು, ಜಾಗ ಉಳಿಯುತ್ತದೆ. ಎರಡನೇ ಸಾಲಿಗೆ "ಬಿಸಿ" ಎಂದು ಹಾಕಿ, ಪಕ್ಕದಲ್ಲಿ ಅಂಕಿ ಬರುವಂತೆ ಮಾಡಿದ್ದೇನೆ. ಅದಕ್ಕೆ ಎರಡು ಖಾನೆ ಹೋಯಿತು. ಮೇಲಿನ ಸಾಲಿಗೆ ಆರು ಉಳಿದಿವೆ. ಯಾವ ಪದ ಬರೆಸುತ್ತೀರಿ? ಅಕ್ಕನ ಹೆಸರಾ? ಅಂಗಡಿಯ ಹೆಸರಾ? ಹೇಳದೇ ಇರಬೇಡಿ, ಇಲ್ಲಿ ಬೇರೆ ಮನರಂಜನೆ ಇಲ್ಲ.

ನಿಮ್ಮ ಮೈದುನ


ಏಪ್ರಿಲ್ 9

ಪ್ರೀತಿಯ ಬಾಮೈದನಿಗೆ,

ಪದ ಸಿಕ್ಕಿತು. ಆರಿಸಿದ್ದು ನಿನ್ನ ಅಕ್ಕ. ಕೂಡಿಸಿದ್ದು ನಾನು. ಪದ ಹೀಗಿದೆ: ಮಾವ ಬಾ.

ಕೇಳಲು ಸಣ್ಣದು, ಮಾಡಲು ಹೆಣಗಿ ಸತ್ತೆ. ಐದು ಚುಕ್ಕೆಯ ಅಗಲದಲ್ಲಿ ಮ ಹಿಡಿಸುವುದೆಂದರೆ ಬೀರುವನ್ನು ಬೆಂಕಿಪೊಟ್ಟಣಕ್ಕೆ ತುರುಕಿದ ಹಾಗೆ. ಮೊದಲ ದಿನ ಮಾಡಿದ್ದು ವು ಆಯಿತು. ನಿನ್ನ ಅಕ್ಕ ನೋಡಿ, "ಇದೇನ್ರೀ, ವುವ ಬಾ? ಯಾರನ್ನ ಕರೀತಿದೀರಾ?" ಎಂದಳು. ಎರಡನೇ ದಿನದ್ದು ಮುರಿದ ಕುರ್ಚಿಯಂತಿತ್ತು. ಒಂದು ಚುಕ್ಕೆ ತೆಗೆದರೆ ಮ ಹೋಗುತ್ತದೆ, ಒಂದು ಚುಕ್ಕೆ ಇಟ್ಟರೆ ಕಸವಾಗುತ್ತದೆ. ಕೊನೆಗೆ ಅವಳೇ ಪೆನ್ಸಿಲ್ ಕಿತ್ತುಕೊಂಡಳು. ಆದರೂ ಮ ಇನ್ನೂ ಪೂರ್ತಿ ಮ ಆಗಿಲ್ಲ, ದೂರದಿಂದ ನೋಡಿದರೆ ಒಪ್ಪುತ್ತದೆ. ವ ಮತ್ತು ಬ ಸುಲಭವಾಗಿ ಬಂದವು. ನೀನು ಹೇಳಿದ ಬಾಲವನ್ನು ಮಾ, ಬಾ ಎರಡಕ್ಕೂ ಅಂಟಿಸಿದೆ. ನಾಲ್ಕೇ ಖಾನೆಯಲ್ಲಿ ಕೆಲಸ ಮುಗಿಯಿತು, ನೋಡು ನನ್ನ ಜಾಣತನ!

ಫೋಟೋ ಇಟ್ಟಿದ್ದೇನೆ. ಮೇಲಿನ ಸಾಲಿನಲ್ಲಿ ನಮ್ಮ ಪದ, ಕೆಳಗೆ ಬಿಸಿ 41. ಮರ ಹೊತ್ತಿಕೊಳ್ಳುವುದಿಲ್ಲ ಎಂದು ಅವಳಿಗೂ ನಂಬಿಕೆ ಬಂದಿದೆ. ಇದು ಯಾರಿಗೆ, ಯಾಕೆ ಎಂದು ಬಾಯಿ ಬಿಟ್ಟು ಹೇಳಬಾರದೆಂದು ಅವಳು ಆಣೆ ಹಾಕಿಸಿದ್ದಾಳೆ. ಪೆಟ್ಟಿಗೆಯೇ ಹೇಳಲಿ ಅನ್ನುತ್ತಾಳೆ. ನಿನಗೆ ಬುದ್ಧಿಯಿದ್ದರೆ ನೋಡಿದ ಕೂಡಲೇ ಹೊಳೆಯುತ್ತದೆ. ಹೊಳೆದ ಕೂಡಲೇ ಬರೆ. ನಾವಿಬ್ಬರೂ ದಿನಾ ಅಂಚೆಯವನ ಸೈಕಲ್ಲಿಗೆ ಕಿವಿ ಕೊಟ್ಟು ಕೂತಿರುತ್ತೇವೆ.

ನಿನ್ನ ಭಾವ


ಏಪ್ರಿಲ್ 30

ಭಾವ, ಭಾವ, ಭಾವ!

ಹೊಳೆಯಿತು! ನೋಡಿದ ಕ್ಷಣವೇ ಹೊಳೆಯಿತು. ಫೋಟೋ ಹಿಡಿದು ಡೆಕ್ಕಿಗೆ ಹೋಗಿ ಬೆಳಕಿನಲ್ಲಿ ಮತ್ತೆ ಮತ್ತೆ ನೋಡಿದೆ. ನೀವು ಇಷ್ಟು ದೊಡ್ಡ ಮನಸ್ಸಿನವರೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ಇಷ್ಟು ಬೇಗ ಎಂದುಕೊಂಡಿರಲಿಲ್ಲ.

ಮೂರು ವರ್ಷದಿಂದ ನಿಮ್ಮ ಯಾವ ಕಾಗದದಲ್ಲಾದರೂ "ಮಾವ" ಎಂಬ ಪದ ಇತ್ತೇ? "ನಿಮ್ಮಪ್ಪ" "ನಿಮ್ಮಪ್ಪ" ಎಂದೇ ಬರೆಯುತ್ತಿದ್ದಿರಿ. ಓದುವಾಗಲೆಲ್ಲ ನನಗೆ ಚುರುಕ್ಕೆನ್ನುತ್ತಿತ್ತು. ಈಗ ಮಾವ ಎಂದು, ಅದೂ ಬಾಗಿಲಲ್ಲಿ ಬೆಳಕು ಹಚ್ಚಿಟ್ಟಂತೆ ಬರೆದು ಕರೆದಿದ್ದೀರಿ. ಅಪ್ಪ ನೋಡಿದರೆ ಕರಗದೆ ಇರುತ್ತಾರೆಯೇ?

ಒಂದೇ ಒಂದು ಕೊರತೆ, ಬೈಯಬೇಡಿ. ಮಾವನಿಗೆ ಯಾರಾದರೂ "ಬಾ" ಅನ್ನುತ್ತಾರೆಯೇ? ಜಾಗ ಸಾಲದೆ ಹಾಗೆ ಮಾಡಿದಿರಿ ಎಂದು ನನಗೆ ಗೊತ್ತು, ಎಂಟು ಖಾನೆಯ ಹೆದರಿಕೆ ಹಾಕಿದವನೂ ನಾನೇ. ಆದರೆ ಇನ್ನೂ ಎರಡು ಉಳಿದಿವೆ! ನಾನು ಇಡೀ ಭಾನುವಾರ ಕೂತು "ನ್ನಿ" ಬಿಡಿಸಿದ್ದೇನೆ. ನಿ ಒಂದರಲ್ಲಿ, ಒತ್ತು ಪಕ್ಕದ ಖಾನೆಯ ಕೆಳಗಡೆ. ಚಿತ್ರ ಇಟ್ಟಿದ್ದೇನೆ. "ಮಾವ ಬನ್ನಿ" ಎಂದು ಮಾಡಿಬಿಡಿ, ಅಪ್ಪನ ಸ್ವಭಾವ ನಿಮಗೆ ಗೊತ್ತಲ್ಲ.

ಮತ್ತೆ ಇನ್ನೊಂದು. ತಡೆಯಲಾರದೆ ಮಾಡಿಬಿಟ್ಟೆ. ಫೋಟೋದ ಇನ್ನೊಂದು ಪ್ರತಿ ತೆಗೆಸಿ ಇದೇ ಬಂದರಿನಿಂದ ಅಪ್ಪನಿಗೆ ಕಳಿಸಿದ್ದೇನೆ. "ಭಾವ ಎಷ್ಟೋ ದಿನ ಕೂತು ನಿಮಗೋಸ್ಕರ ಬರೆದಿದ್ದಾರೆ, ಬನ್ನಿ ಅನ್ನಲು ಜಾಗವಿರಲಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಹೋಗಿ" ಎಂದು ಬರೆದಿದ್ದೇನೆ. ಸರಿ ಮಾಡಿದೆ ತಾನೇ?

ನಿಮ್ಮ ಮೈದುನ


ಮೇ 14

ಅಯ್ಯೋ ಮಹಾರಾಯ, ಏನು ಮಾಡಿಟ್ಟೆಯೋ!

ನಿನ್ನ ಕಾಗದ ಓದಿ ನಿನ್ನ ಅಕ್ಕ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದಳು. ನಾನು ಯಾವುದಕ್ಕೆ ಸಮಾಧಾನ ಹೇಳಲಿ ಎಂದು ತಿಳಿಯದೆ ನೀರು ತಂದುಕೊಟ್ಟೆ.

ಬುದ್ಧಿಯಿದ್ದರೆ ಹೊಳೆಯುತ್ತದೆ ಎಂದಿದ್ದೆ. ನಿನಗೆ ಬುದ್ಧಿ ಹೆಚ್ಚಾಯಿತು. ಲೋಕದಲ್ಲಿ ಮಾವ ಎಂದರೆ ಹೆಂಡತಿಯ ಅಪ್ಪ ಒಬ್ಬನೇ ಏನೋ? ಅಮ್ಮನ ತಮ್ಮನನ್ನು ಏನೆಂದು ಕರೆಯುತ್ತಾರೆ? ಅವನನ್ನು "ಬಾ" ಎಂದು, ಮರ್ಯಾದೆ ಗಿರ್ಯಾದೆ ಇಲ್ಲದೆ, ಯಾರು ಕರೆಯುತ್ತಾರೆ?

ಮಾವ ನೀನು ಕಣೋ ದಡ್ಡ! ಕರೆಯುತ್ತಿರುವುದು ನಿನ್ನ ಅಕ್ಕನ ಹೊಟ್ಟೆಯಲ್ಲಿದೆ.

ಈಗ ಆರು ತಿಂಗಳು. ಹಿಂದೆ ಎರಡು ಸಲ ಕೈತಪ್ಪಿದ್ದು ನಿನಗೆ ಗೊತ್ತು. ಅದಕ್ಕೇ ಈ ಸಲ ಐದು ತುಂಬುವವರೆಗೆ ಯಾರಿಗೂ ಹೇಳುವುದಿಲ್ಲ ಎಂದು ಹಟ ಹಿಡಿದಳು. ಮನೆಯಲ್ಲೇ ಇರಿ ಎಂದದ್ದು ಪ್ರೆಸ್ಸಿನವರಲ್ಲ, ಡಾಕ್ಟರು. ಹಗಲಿನಲ್ಲಿ ಮಂಚದ ಮೇಲಿದ್ದದ್ದೂ ಅದಕ್ಕೇ. ನೀನು ಇನ್ನೊಂದು ಸುತ್ತಿಗೆ ಸಹಿ ಹಾಕುತ್ತೇನೆ ಎಂದು ಬರೆದಾಗ ಅವಳಿಗೆ ತಡೆಯಲಾಗಲಿಲ್ಲ. "ಮಗುವೇ ಕರೀಲಿ, ಆಗ ಹ್ಯಾಗೆ ಬರಲ್ಲ ನೋಡ್ತೀನಿ" ಅಂದಳು. ಕರೆದದ್ದು ನಿನ್ನನ್ನು. ನೀನು ಕಾಗದ ಹಾಕಿದ್ದು ನಿಮ್ಮಪ್ಪನಿಗೆ.

ಈಗ ನನ್ನ ಗತಿ ಕೇಳು. ನಿನ್ನೆ ಚಿಕ್ಕಪ್ಪನ ಮನೆಯಿಂದ ಒಂದು ಕಾರ್ಡು ಬಂದಿದೆ. ನಿಮ್ಮಪ್ಪನ ಅಕ್ಷರ, ಅಚ್ಚು ಹಾಕಿದಂತೆ. ಒಂದೇ ಸಾಲು. "ಕೈಯಲ್ಲಿರುವ ಬೋರ್ಡು ಒಣಗಿದ ಮೇಲೆ ಜೂನ್ ಎರಡನೇ ವಾರ ಬರುತ್ತೇನೆ." ನಿನ್ನ ಅಕ್ಕ ಆ ಕಾರ್ಡನ್ನು ದಿಂಬಿನ ಅಡಿ ಇಟ್ಟುಕೊಂಡಿದ್ದಾಳೆ. ಆಸೆ ಹುಟ್ಟಿಬಿಟ್ಟಿದೆ ಅವಳಿಗೆ. ಹೆರಿಗೆಗೆ ಅಪ್ಪ ಇರಬೇಕು ಎಂದು ಬಾಯಿಬಿಟ್ಟು ಹೇಳಿದವಳಲ್ಲ, ಈಗ ದಿನಕ್ಕೊಮ್ಮೆ ಹೇಳುತ್ತಾಳೆ.

ನಾನು ಕರೆಯದೆ ಅವರು ಬರುತ್ತಿದ್ದಾರೆ. ಬಂದು, ಇದು ನಿಮಗಲ್ಲ ಎಂದು ಗೊತ್ತಾದರೆ, ಆ ಮನುಷ್ಯ ಮತ್ತೆ ಜನ್ಮದಲ್ಲಿ ಈ ಹೊಸ್ತಿಲು ತುಳಿಯುವುದಿಲ್ಲ. ಅವಳು ಒಡೆದುಹೋಗುತ್ತಾಳೆ. ಹಾಗೆಂದು ನೀನು ಕಳಿಸಿದ "ನ್ನಿ" ಹಾಕಿ ಕೈಮುಗಿದು ನಿಲ್ಲಲೇ? ಅಂಗಡಿಯಲ್ಲಿ ಗಿರಾಕಿಗಳ ಮುಂದೆ ನನ್ನನ್ನು ಕಳ್ಳ ಎಂದಿದ್ದರು, ಅಕ್ಷರ ಕದಿಯುವ ಕಳ್ಳ. ಆ ಮಾತು ಇನ್ನೂ ಇಲ್ಲೇ ಇದೆ. ನನ್ನಿಂದಾಗದು. ಏನು ಮಾಡಲಿ, ನೀನೇ ಹೇಳು.

ಭಾವ


ಜೂನ್ 1

ಭಾವ,

ನಾನು ಮಾವ!

ಕಾಗದ ಓದಿ ಎಂಜಿನ್ ಕೋಣೆಯಿಂದ ಡೆಕ್ಕಿಗೆ ಒಂದೇ ಉಸಿರಿಗೆ ಹತ್ತಿದೆ. ಸಿಕ್ಕಿದವರಿಗೆಲ್ಲ ಹೇಳಿದೆ. ಅಡುಗೆಯವನ ಭಾಷೆಯಲ್ಲಿ ಮಾವನಿಗೂ ಚಿಕ್ಕಪ್ಪನಿಗೂ ಒಂದೇ ಪದವಂತೆ, ಪಾಪ. ಅವನಿಗೆ ಅರ್ಧ ಗಂಟೆ ಪಾಠ ಮಾಡಿದೆ. "ಅಮ್ಮನ ತಮ್ಮ, ಗೊತ್ತಾಯ್ತಾ, ಅಮ್ಮನ ತಮ್ಮ!" ಎಂದು ಎದೆ ತಟ್ಟಿಕೊಂಡೆ. ನಮ್ಮ ಮುಖ್ಯ ಎಂಜಿನಿಯರು ಗಂಭೀರ ಮನುಷ್ಯ, ಅವರೂ ಕೈಕುಲುಕಿದರು. ಫೋಟೋವನ್ನು ನಾನು ಮಲಗುವ ಬಂಕಿನ ಮೇಲೆ ಅಂಟಿಸಿದ್ದೇನೆ. ಆ ಮ ನಿಜಕ್ಕೂ ಕೆಟ್ಟದಾಗಿದೆ ಭಾವ, ಆದರೆ ಇನ್ನು ಮೇಲೆ ಯಾರಾದರೂ ಹಾಗೆಂದರೆ ಜಗಳವಾಡುತ್ತೇನೆ.

ಮುಂದಿನ ಸುತ್ತಿಗೆ ಸಹಿ ಹಾಕಿಲ್ಲ. ಹಾಕುವುದೂ ಇಲ್ಲ. ಕರಾರು ಮುಗಿದರೂ ಬದಲಿಯವನು ಬರುವವರೆಗೆ ಇರಬೇಕು, ಜುಲೈ ಮೂರನೇ ವಾರಕ್ಕೆ ಇಳಿಯುತ್ತೇನೆ.

ಇನ್ನು ಅಪ್ಪ. ಸಂತೋಷದಲ್ಲಿ ನಿಮ್ಮನ್ನು ಇಕ್ಕಟ್ಟಿಗೆ ತಳ್ಳಿಬಿಟ್ಟೆ. "ನ್ನಿ" ಹಾಕಿ ಎಂದು ನಾನು ಇನ್ನು ಕೇಳುವುದಿಲ್ಲ. ಕಳ್ಳ ಎನ್ನಿಸಿಕೊಂಡವರು ನೀವು, ನಾನಲ್ಲ. ಅಪ್ಪ ಬಾಗಿಲಿಂದ ವಾಪಸ್ಸು ಹೋದರೆ ಅದು ನನ್ನ ತಲೆಯ ಮೇಲೆ, ನಿಮ್ಮದಲ್ಲ. ಆದರೆ ಹೆದರಿಕೆಯಾಗುತ್ತಿದೆ, ನಿಜ ಹೇಳುತ್ತೇನೆ. ಅಕ್ಕನ ಈ ಸ್ಥಿತಿಯಲ್ಲಿ ನಾನೇ ಆಸೆ ಹುಟ್ಟಿಸಿ ನಾನೇ ಮುರಿದಂತಾದರೆ? ಈ ಕಾಗದ ನಿಮಗೆ ಸೇರುವ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಏನಾದರೂ ಸರಿ, ಮುಚ್ಚಿಡದೆ ಬರೆಯಿರಿ.

ನಿಮ್ಮ ಮೈದುನ


ಜೂನ್ 18

ಹಡಗಪ್ಪ,

ಬಂದರು. ಹೋಗಿಲ್ಲ. ಇನ್ನು ನಿಧಾನವಾಗಿ ಓದು.

ಅವರು ಬರುವ ಹಿಂದಿನ ದಿನ ಡಿಸ್‌ಪ್ಲೇ ಆರಿಸಿಟ್ಟುಬಿಡೋಣ ಎಂದುಕೊಂಡಿದ್ದೆ. ಪದವೂ ಬೇಡ, ರಗಳೆಯೂ ಬೇಡ. ನಿನ್ನ ಅಕ್ಕ ಹೇಳಿದಳು, "ನೀವು ಏನ್ ಬೇಕಾದ್ರೂ ಬರೀರಿ, ನಾನು ಕೇಳಲ್ಲ. ಖಾಲಿ ಮಾತ್ರ ಬಿಡ್ಬೇಡಿ. ಖಾಲಿ ಬೋರ್ಡ್ ಕಂಡ್ರೆ ಅಪ್ಪ ತಿರುಗಿ ಹೋಗ್ತಾರೆ." ಹಲ್ಲು ಕಚ್ಚಿಕೊಂಡು ನಿನ್ನ "ನ್ನಿ" ತುಂಬಿಸಿದೆ. ಮನಸ್ಸು ಕರಗಿತ್ತು ಎಂದೆಲ್ಲ ಬರೆಯಲಾರೆ. ಅವಳಿಗೋಸ್ಕರ ಮಾಡಿದೆ. ಎಂಟೂ ಖಾನೆ ಭರ್ತಿಯಾಯಿತು.

ಬೆಳಗಿನ ಬಸ್ಸಿಗೆ ಬಂದರು. ಸ್ವಲ್ಪ ಇಳಿದುಹೋಗಿದ್ದಾರೆ, ಮೀಸೆ ಪೂರ್ತಿ ಬೆಳ್ಳಗಾಗಿದೆ. ನನ್ನ ಮುಖ ನೋಡಲಿಲ್ಲ. "ಎಲ್ಲಿದೆ ಅದು?" ಎಂದರು. ತೋರಿಸಿದೆ. ಅವರು ಕೂರುವವರೆಗೆ ಹೊರಗೆ ಬರಬೇಡ ಎಂದು ನಿನ್ನ ಅಕ್ಕನಿಗೆ ಹೇಳಿದ್ದೆ, ಅವಳು ಒಳಗೆ ಬಾಗಿಲ ಹಿಂದೆ ನಿಂತಿದ್ದಳು. ಅವರು ಕೂರಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. ಬಹಳ ಹೊತ್ತು ಓದಿದರು.

"ಬನ್ನಿ ಅಂತಿದೆ."

"ಹೌದು," ಎಂದೆ.

"ಫೋಟೋದಲ್ಲಿ ಬಾ ಅಂತಿತ್ತು."

"ಮರ್ಯಾದೆಗೆ ಅಂತ ಬದಲಾಯ್ಸಿದೆ."

"ಮರ್ಯಾದೆ!" ಎಂದು ನೆಟ್ಟಗಾದರು. "ಈ ಬನ್ನಿ ನಾನು ಎಷ್ಟು ಬಾಗಿಲಿಗೆ ಬರ್ದಿದೀನಿ ಗೊತ್ತೇನ್ರೀ? ಬಟ್ಟೆ ಅಂಗಡಿಗೆ, ಕ್ಷೌರದಂಗಡಿಗೆ, ಹೋಟ್ಲಿಗೆ. ಜೀವನ ಪೂರ್ತಿ ಬನ್ನಿ ಬನ್ನಿ ಅಂತ ಬರ್ದೆ. ಅದ್ರಲ್ಲಿ ಒಂದೂ ನನ್ನ ಕರ್ದಿದ್ದಲ್ಲ. ಇಲ್ಲಿ ಯಾರೋ ಬಾ ಅಂದಿದಾರೆ ಅಂತ ಬಂದೆ ನಾನು."

ಸುಳ್ಳು ಹೇಳಿ ಮುಗಿಸಬಹುದಿತ್ತು. ಅಷ್ಟರಲ್ಲಿ ನಿನ್ನ ಅಕ್ಕ ಬಾಗಿಲು ತೆಗೆದು ಬಂದಳು. ಅವರು ಅವಳ ಮುಖ ನೋಡಿದರು, ಹೊಟ್ಟೆ ನೋಡಿದರು, ಮತ್ತೆ ಮುಖ ನೋಡಿದರು. ಅವಳಿಗೆ ಸುಳ್ಳು ಬರುವುದಿಲ್ಲ, ನಿನಗೆ ಗೊತ್ತಲ್ಲ. "ಅಪ್ಪಾ, ಆ ಬಾ ನಿಮಗಲ್ಲ. ಮಗು ತಮ್ಮನ್ನ ಕರೆದದ್ದು. ಅವನು ತಪ್ಪು ತಿಳ್ಕೊಂಡು ನಿಮಗೆ ಬರೆದ," ಎಂದುಬಿಟ್ಟಳು.

ಆ ಮುಖವನ್ನು ನೀನು ನೋಡಬಾರದಿತ್ತು, ನೋಡಲಿಲ್ಲ, ಒಳ್ಳೆಯದಾಯಿತು. ಮಗುವಿನ ಸಂತೋಷವೂ ಇದೆ, ಅವಮಾನವೂ ಇದೆ, ಎರಡೂ ಒಟ್ಟಿಗೆ ಬಂದು ಎಲ್ಲಿ ನಿಲ್ಲಬೇಕು ಎಂದು ತಿಳಿಯದ ಹಾಗೆ. ಅವಳ ತಲೆಯ ಮೇಲೆ ಕೈಯಿಟ್ಟರು. "ಚೆನ್ನಾಗಿರು" ಎಂದರು. ಚೀಲ ಎತ್ತಿಕೊಂಡರು. "ಹಾಗಾದ್ರೆ ನನ್ನ ಯಾರೂ ಕರ್ದಿಲ್ಲ," ಎಂದು ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿ ಬಾಗಿಲ ಕಡೆ ತಿರುಗಿದರು. ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆ ಮೆಲ್ಲಗೆ ಹೇಳಿದ್ದನ್ನು ತಡೆಯಲು ನನ್ನಿಂದಾಗಲಿಲ್ಲ.

"ಬಾ ಮಾವ," ಎಂದೆ. ಹೇಗೆ ಬಾಯಿಂದ ಬಂತೋ ದೇವರಾಣೆ ಗೊತ್ತಿಲ್ಲ. "ಚೀಲ ಇಡು. ಕೂತ್ಕೋ."

ಮದುವೆಯಾದಾಗಿನಿಂದ ಅವರಿಗೆ ಏಕವಚನ ಹಾಕಿದವನಲ್ಲ ನಾನು. ನಿನ್ನ ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವರು ಬೆನ್ನು ಹಾಕಿಯೇ ನಿಂತಿದ್ದರು. ಆಮೇಲೆ ಚೀಲ ಕೆಳಗಿಟ್ಟರು. ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂತರು, ಕನ್ನಡಕ ಒರೆಸಿದರು, ಮತ್ತೆ ಬಗ್ಗಿದರು.

"ಈ ಮ ಬರ್ದಿದ್ದು ಯಾರು? ನೀನಾ?"

ಬರುವಾಗ "ರೀ" ಇತ್ತು, ಈಗ "ನೀನು" ಆಗಿತ್ತು. ನಾನು ಹೌದೆಂದೆ. "ಇದನ್ನ ಮ ಅಂತ ಒಪ್ಕೊಳಕ್ಕೆ ನಾನು ಸತ್ತಿರ್ಬೇಕು. ಪೆನ್ಸಿಲ್ ಕೊಡು ಇಲ್ಲಿ," ಎಂದರು.

ಅಂದು ಶುರುವಾದದ್ದು ಇನ್ನೂ ಮುಗಿದಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ಅಕ್ಷರ ಬರೆಯುವುದು ತಮ್ಮಿಂದಲೇ ಆಗಬೇಕಾದ ಕೆಲಸವೆಂದು ಹಾಳೆ ಮೇಲೆ ಹಾಳೆ ತುಂಬುತ್ತಿದ್ದಾರೆ. ಮ ಸರಿಹೋಗಿದೆ, ಒಪ್ಪಲೇಬೇಕು, ಅವರು ಒಂದೇ ಒಂದು ಚುಕ್ಕೆಯನ್ನು ಆಚೆ ಸರಿಸಿದರು, ಅಷ್ಟೇ. ಆಮೇಲೆ ತಮಗೂ ಜಾಗ ಬೇಕು ಎಂದರು. ಅಜ್ಜ ಎಂದು ಹಾಕಲು ಖಾನೆ ಸಾಲದು. ತಾತ ಆಗುತ್ತದೆ, ತ ಒಂದೇ ಹೊಸದು, ಬಾಲ ಹೇಗೂ ಇದೆ. ಅದಕ್ಕೂ ಜಾಗ ಬೇಕಲ್ಲ ಎಂದೆ. "ಆ ನ್ನಿ ತೆಗಿ, ನನಗೆ ಅದು ಬೇಡ," ಎಂದರು. ತೆಗೆದೆ. ಈಗ ಮೇಲಿನ ಸಾಲಿನಲ್ಲಿ "ಮಾವ ತಾತ ಬಾ" ಎಂದಿದೆ. ತ ಅಕ್ಷರದ ಹೊಟ್ಟೆ ಎಷ್ಟು ದುಂಡಗಿರಬೇಕು ಎಂದು ಅವರಿಗೂ ನನಗೂ ಬೆಳಗ್ಗೆಯಿಂದ ವಾಗ್ವಾದ. ನಿನ್ನ ಅಕ್ಕನ ತೀರ್ಪು ಇಬ್ಬರಿಗೂ ಹಿಡಿಸಿಲ್ಲ. ನನ್ನ ಮಷೀನನ್ನೂ ಹೋಗಿ ನೋಡಿ ಬಂದರು. ಅದರ ಅಕ್ಷರಗಳು ಬೋಳುಬೋಳಾಗಿವೆ ಎಂದರು, ತಾವು ಬರೆದುಕೊಟ್ಟದ್ದನ್ನು ಅದು ಕತ್ತರಿಸುತ್ತದೆಯೇ ಎಂದು ಕೇಳಿದರು. ಕತ್ತರಿಸುತ್ತದೆ ಎಂದೆ.

ಜುಲೈಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯೋಚಿಸಬೇಡ, ನೇರ ಇಲ್ಲಿಗೆ ಬಾ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಕೋಣೆಯಲ್ಲಿ ಈಗ ಮಾವ ಮಲಗುತ್ತಾರೆ, ನೀನು ನಡುಮನೆಯಲ್ಲಿ ಚಾಪೆ ಹಾಕಿಕೊಳ್ಳಬೇಕು.

ನಿನ್ನ ಭಾವ